ಸವೆದ ಅಟ್ಟೆ, ಬಿಳಿ ಸಾಕ್ಸು

ಜೀವಮಾನವೆಲ್ಲ ಊರವರ ಬೂಟು ರಿಪೇರಿ ಮಾಡಿದ ಮೇಸ್ತ್ರಿ ತಾವು ಮಾತ್ರ ಒಂದು ದಿನವೂ ಬೂಟು ಹಾಕಿದವರಲ್ಲ. ಒಂದು ಜೊತೆ ಚಪ್ಪಲಿ, ಅದು ಸವೆದರೆ ಅದಕ್ಕೇ ಹೊಸ ಅಟ್ಟೆ. ಹಾಗಾಗಿ ಮಗ ಬಿಳಿ ಕ್ಯಾನ್ವಾಸ್ ಬೂಟಿನ ಡಬ್ಬ ತಂದು ಊಟದ ಮೇಜಿನ ಮೇಲಿಟ್ಟಾಗ ಅವರು ಅದನ್ನು ಕಾಲಿಗೆ ಹಾಕಿ ನೋಡಲಿಲ್ಲ. ತಿರುಗಿಸಿ ಅಟ್ಟೆಯನ್ನು ಉಗುರಿನಿಂದ ಕೆರೆದು ಮೂಗು ಮುರಿದರು.

“ಮೆತ್ತನೆ ರಬ್ಬರು. ಎರಡು ತಿಂಗಳು ಬಂದರೆ ಹೆಚ್ಚು.”

“ಎರಡು ತಿಂಗಳು ನಡೆದು ಸವೆಸು ಅಪ್ಪ, ಇನ್ನೊಂದು ಜೊತೆ ತರ್ತೀನಿ,” ಎಂದ ಮಗ. “ಡಾಕ್ಟ್ರು ಏನಂದ್ರು? ದಿನಾ ಬೆಳಿಗ್ಗೆ ಅರ್ಧ ಗಂಟೆ ನಡೀಬೇಕು. ಮೊದಲು ನಿಧಾನಕ್ಕೆ, ಆಮೇಲೆ ಸ್ವಲ್ಪ ಜೋರಾಗಿ.”

“ಇಷ್ಟು ವರ್ಷ ದುಡಿದಿಲ್ವೇನೋ ನಾನು?”

“ದುಡಿದಿದ್ದೀಯ. ಕೂತ್ಕೊಂಡು.”

ಸೊಸೆ ತಟ್ಟೆಯ ಕಡೆ ಮುಖ ತಗ್ಗಿಸಿ ನಕ್ಕಳು. ಮೊಮ್ಮಗಳಿಗೆ ಆ ಮುಚ್ಚುಮರೆಯೂ ಬೇಕಾಗಲಿಲ್ಲ. ಒಲೆಯ ಹತ್ತಿರ ನಿಂತಿದ್ದ ಅಜ್ಜಿ ಮಾತ್ರ ನಗಲಿಲ್ಲ. ಮೊಮ್ಮಗಳು ಕರೆಯುವುದನ್ನು ಕೇಳಿ ಬೀದಿಯವರಿಗೆಲ್ಲ ಅವಳು ಅಜ್ಜಿ, ಗಂಡನಿಗೆ ಮಾತ್ರ ‘ಇವಳೇ’. ನಗುವುದಕ್ಕೆ ಅವಳಿಗೆ ಪುರಸೊತ್ತಿರಲಿಲ್ಲ. ಒಲೆಯ ಮೇಲೆ ಎರಡು ಪಾತ್ರೆ ಬೇಯುತ್ತಿದ್ದವು, ಮನೆಯವರಿಗೆ ಉಪ್ಪಿನದು, ಮೇಸ್ತ್ರಿಗೆ ಉಪ್ಪಿಲ್ಲದ್ದು. ಒಂದರ ಸೌಟು ಇನ್ನೊಂದಕ್ಕೆ ಹೋಗದ ಹಾಗೆ ಕಾಯುತ್ತ ಕಾಯುತ್ತ ಅವಳಿಗೆ ಅಡುಗೆ ಅಂದರೆ ಪಹರೆ ಅನ್ನಿಸಿಬಿಟ್ಟಿತ್ತು.

“ಏನಿದು, ಚರ್ಮ ನೆನೆಹಾಕಿದ ನೀರಿದ್ದಂಗಿದೆ,” ಎಂದು ಮೇಸ್ತ್ರಿ ಬಟ್ಟಲನ್ನು ದೂರ ತಳ್ಳಿದರು.

“ಅತ್ತೆ, ಎಲ್ಲರಿಗೂ ಉಪ್ಪು ಕಮ್ಮಿ ಮಾಡಿ ಒಂದೇ ಪಾತ್ರೆಲಿ ಮಾಡಿಬಿಡಿ,” ಎಂದಳು ಸೊಸೆ.

“ನನ್ನ ಕೈಲಾಗಲ್ಲಪ್ಪ,” ಎಂದ ಮಗ. “ದಿನವಿಡೀ ಸುತ್ತಿಗೆ ಹೊಡೆದು ಬಂದು ಸಪ್ಪೆ ತಿನ್ನೋಕೆ ನನಗೇನು ಕಾಯಿಲೆ?”

ಅಲ್ಲಿಗೆ ಆ ಮಾತು ಮುಗಿಯಿತು. ಅಜ್ಜಿ ಎರಡು ಪಾತ್ರೆ ಇಳಿಸಿದಳು, ಎರಡು ಪಾತ್ರೆ ತೊಳೆದಳು.

ಕೆಳಗೆ ಅಂಗಡಿ, ಮೇಲೆ ಮನೆ. ಎರಡು ಕೋಣೆ, ಒಂದು ಅಡುಗೆಮನೆ, ಹಿಂದೆ ನಲ್ಲಿಯಿರುವ ಸಣ್ಣ ಅಂಗಳದಷ್ಟು ಜಾಗ. ಬೇಸಿಗೆ ಮುಗಿಯುವ ಹೊತ್ತಿಗೆ, ರಬ್ಬರು ಹಾಳೆಯ ಸುರುಳಿ ಹೊತ್ತುಕೊಂಡು ಏರು ರಸ್ತೆ ಹತ್ತಿ ಬರುತ್ತಿದ್ದ ಮೇಸ್ತ್ರಿ ಅರ್ಧ ದಾರಿಯಲ್ಲಿ ಎದೆ ಹಿಡಿದುಕೊಂಡು ಕುಸಿದಿದ್ದರು. ಆಸ್ಪತ್ರೆಯವರು ರಕ್ತನಾಳದೊಳಗೆ ಸ್ಟೆಂಟ್ ಕೂರಿಸಿ, ಮಾತ್ರೆಯ ಚೀಟಿ ಕೊಟ್ಟು ಕಳಿಸಿದರು. ಇನ್ನೊಂದು ಪರೀಕ್ಷೆಯಿದೆ, ಟ್ರೆಡ್‌ಮಿಲ್ ಎಂಬ ಓಡುವ ಪಟ್ಟಿಯ ಮೇಲೆ ನಡೆಸಿ ನೋಡುತ್ತಾರೆ, ಅದರಲ್ಲಿ ಗೆದ್ದರೆ ಕೆಲಸಕ್ಕೆ ಕೂರಬಹುದು ಎಂದಿದ್ದರು. ಮೇಸ್ತ್ರಿಗೆ ಬೇಕಾಗಿದ್ದು ಅದೊಂದೇ. ಕೆಳಗಿನ ಅಂಗಡಿಯಿಂದ ಸುತ್ತಿಗೆಯ ಸದ್ದು ಕೇಳಿದಾಗಲೆಲ್ಲ ಅವರ ಬಲಗೈ ತಾನಾಗಿಯೇ ತೊಡೆಯ ಮೇಲೆ ಆಡುತ್ತಿತ್ತು.

“ಮೊಳೆ ಓರೆ ಹೊಡೀತಿದಾನೆ. ಸದ್ದು ಕೇಳಿದ್ರೇ ಗೊತ್ತಾಗುತ್ತೆ,” ಎಂದು ಮೇಲಿನಿಂದಲೇ ಗೊಣಗುತ್ತಿದ್ದರು. “ಇವಳೇ, ಹೋಗಿ ಹೇಳು ಅವನಿಗೆ.”

ಅಜ್ಜಿ ಮೆಟ್ಟಿಲಿಳಿದು ಹೋಗುತ್ತಿದ್ದಳು. ಮಗ, “ನೀನು ಯಾಕಮ್ಮ ಇಳಿದು ಬಂದೆ ಇಷ್ಟಕ್ಕೆ?” ಎನ್ನುತ್ತಿದ್ದ. ಅವಳು ಮತ್ತೆ ಹತ್ತುತ್ತಿದ್ದಳು. ಹತ್ತುವಷ್ಟರಲ್ಲಿ ಕನ್ನಡಕ ಬೇಕು, ರೇಡಿಯೋ ಬೇಕು, ದಿಂಬು ಎತ್ತರ ಬೇಕು. ಗಂಡ ಅಂಗಡಿಯಲ್ಲಿ ಕೂರುತ್ತಿದ್ದ ಕಾಲದಲ್ಲಿ ಅವಳಿಗೆ ಹಗಲು ಎಂಬುದೊಂದಿತ್ತು. ಈಗ ಬೆಳಗಿನಿಂದ ಕತ್ತಲಾಗುವವರೆಗೆ ಬರೀ ‘ಇವಳೇ’.

ಆದ್ದರಿಂದ ಬೂಟು ಬಂದ ಮರುದಿನ ಮೇಸ್ತ್ರಿ ಮುಖ ಊದಿಸಿಕೊಂಡು ವಾಕಿಂಗಿಗೆ ಹೊರಟಾಗ, ಮನೆಯಲ್ಲಿ ಎಲ್ಲರಿಗಿಂತ ಹೆಚ್ಚು ಹಿಗ್ಗಿದವಳು ಅಜ್ಜಿ. ಮೊಮ್ಮಗಳು ಶಾಲೆಗೆ, ಸೊಸೆ ಮಾತ್ರೆ ಡಬ್ಬಿ ತುಂಬುವ ಕಾರ್ಖಾನೆಯ ಬೆಳಗಿನ ಪಾಳಿಗೆ, ಮಗ ಅಂಗಡಿಗೆ, ಗಂಡ ಬೀದಿಗೆ. ಬಾಗಿಲು ಮುಂದೆ ಮಾಡಿ ಅವಳು ಮುಂದಿನ ಕೋಣೆಯ ತಣ್ಣನೆಯ ನೆಲದ ಮೇಲೆ ಮಲಗಿ, ಎರಡೂ ಕಾಲನ್ನು ಗೋಡೆಗೆ ಎತ್ತಿ ಇಟ್ಟಳು. ಯಾರೂ ಕರೆಯಲಿಲ್ಲ. ಪಾತ್ರೆ ಹಾಗೇ ಬಿದ್ದಿದ್ದವು, ಬೀಳಲಿ ಅಂದುಕೊಂಡಳು. ಮೇಸ್ತ್ರಿ ಒಂದು ಗಂಟೆ ಬಿಟ್ಟು ಮೆಟ್ಟಿಲು ಹತ್ತಿ ಬಂದ ಸದ್ದಿಗೆ ಎದ್ದು ಕೂತಾಗ, ಇಷ್ಟು ಬೇಗ ಬಂದರೇ ಎನ್ನಿಸಿತು. ಅನ್ನಿಸಿದ್ದಕ್ಕೆ ನಾಚಿಕೆಯೂ ಆಯಿತು.

“ಎಲ್ಲಿವರೆಗೆ ಹೋಗಿದ್ರಿ?”

“ಹೋಗಿದ್ದೆ. ಆ ಕಡೆ.”

“ಸುಸ್ತಾಯ್ತಾ?”

“ಇಲ್ಲಪ್ಪ. ಟೀ ಮಾಡು.”

ಆ ವಾರವೇ ಅವಳಿಗೆ ಗೊತ್ತಾಗಿಹೋಯಿತು. ನಲ್ಲಿಯ ಹತ್ತಿರ ಕೂತು ಬಟ್ಟೆ ಒಗೆಯುತ್ತಿದ್ದಳು. ಮೊಮ್ಮಗಳ ಸಾಕ್ಸಿನ ಬೆರಳಿನ ಭಾಗ ಕಲ್ಲಿಗೆ ಉಜ್ಜಿದರೂ ಹೋಗದಷ್ಟು ಕಪ್ಪು. ಮಗನದು ಮೂಗು ಮುಚ್ಚಿಕೊಂಡೇ ಮುಟ್ಟಬೇಕು. ಮೇಸ್ತ್ರಿಯ ಬಿಳಿ ಸಾಕ್ಸು ಮಾತ್ರ ನೀರಿಗೆ ಹಾಕಿದರೆ ನೀರು ನೀರಾಗಿಯೇ ಇತ್ತು. ಇನ್ನೂ ನೆನೆಯದ ಇನ್ನೊಂದನ್ನು ಮೂಸಿ ನೋಡಿದಳು. ಬೆವರಿನ ವಾಸನೆಯೂ ಇಲ್ಲ, ಹಿಮ್ಮಡಿಯ ಕಡೆ ಮಾಸಿದ್ದೂ ಇಲ್ಲ. ಅರ್ಧ ಗಂಟೆ ನಡೆದ ಕಾಲು ಇಷ್ಟು ಮಡಿಯಾಗಿರಲು ಸಾಧ್ಯವೇ? ಅವಳು ಸಾಕ್ಸನ್ನು ಹಿಂಡಿ, ಹಗ್ಗಕ್ಕೆ ಹಾಕಿ ಸುಮ್ಮನಾದಳು.

ಮಗ ಹಾಗೆ ಸುಮ್ಮನಿರುವವನಲ್ಲ. ಸಂಜೆ ಅಂಗಡಿ ಮುಚ್ಚಿ ಬಂದವನೇ ಬಾಗಿಲ ಹಿಂದಿನ ಬೂಟು ಎತ್ತಿಕೊಂಡ. “ಗಿರಾಕಿ ಹೇಳೋದು ಕೇಳಬೇಡ, ಅಟ್ಟೆ ನೋಡು” ಎಂದು ಅವನಿಗೆ ಕಲಿಸಿಕೊಟ್ಟವರು ಮೇಸ್ತ್ರಿಯೇ. ಯಾರು ಕುಂಟುತ್ತಾರೆ, ಯಾರು ಭಾರ ಹೊರುತ್ತಾರೆ, ಯಾರಿಗೆ ಒಂದು ಕಾಲು ಗಿಡ್ಡ, ಎಲ್ಲವೂ ಅಟ್ಟೆಯಲ್ಲಿ ಕಾಣುತ್ತದೆ ಎಂದು ಆ ಮನೆಯ ಗಂಡಸರು ನಂಬಿದ್ದರು.

“ಅಪ್ಪ, ಅಟ್ಟೆ ಹೊಸದಿದ್ದಂಗೇ ಇದೆಯಲ್ಲ?”

ಮೇಸ್ತ್ರಿ ಪತ್ರಿಕೆಯಿಂದ ತಲೆ ಎತ್ತಲಿಲ್ಲ. “ಮಣ್ಣು ದಾರಿಲಿ ಹೋಗ್ತೀನಿ. ಮಣ್ಣಲ್ಲಿ ಸವೆಯಲ್ಲ.”

“ನಾಳೆಯಿಂದ ರಸ್ತೆ ಮೇಲೆ ಹೋಗು.”

ಮುಂದಿನ ವಾರ ಮಗ ನೋಡಿದಾಗ ಅಟ್ಟೆ ಸವೆದಿತ್ತು. ಮೇಸ್ತ್ರಿಯ ಚಪ್ಪಲಿ ಯಾವಾಗಲೂ ಸವೆಯುವ ಹಾಗೆಯೇ, ಬಲಗಾಲಿನ ಹಿಮ್ಮಡಿಯ ಹೊರಅಂಚು ಹೆಚ್ಚು, ಎಡಗಾಲಿನ ಹೆಬ್ಬೆರಳ ಕೆಳಗೆ ಒಂದು ಬೊಟ್ಟಿನಷ್ಟು. ಮಗನ ಮುಖ ಅರಳಿತು. ಹೆಂಡತಿಗೆ ತೋರಿಸಿದ, ಮಗಳಿಗೂ ತೋರಿಸಿದ.

“ನೋಡಿದ್ಯಾ? ಅಜ್ಜ ನಡೀತಿದಾನೆ.”

“ಅಜ್ಜ, ಪರೀಕ್ಷೆಲಿ ಫೇಲಾದ್ರೆ ಮತ್ತೆ ಅದೇ ಕ್ಲಾಸಾ?” ಎಂದಳು ಮೊಮ್ಮಗಳು.

“ಫೇಲಾಗೋಕೆ ನಾನೇನು ನೀನಾ?” ಎಂದರು ಮೇಸ್ತ್ರಿ. ಕಾಯಿಲೆ ಬಿದ್ದ ಮೇಲೆ ಅವರ ದನಿಯಲ್ಲಿ ಇಷ್ಟು ಉತ್ಸಾಹ ಅಜ್ಜಿ ಕೇಳಿರಲಿಲ್ಲ.

ಅವಳು ಅಂದು ಒಗೆದ ಸಾಕ್ಸು ಮಾತ್ರ ಎಂದಿನಂತೆ ಬಿಳಿಯಾಗಿತ್ತು.

ಒಂದು ಬೆಳಿಗ್ಗೆ ತರಕಾರಿ ಮುಗಿದಿತ್ತೆಂದು ಅವಳು ತನ್ನ ಒಂದು ಗಂಟೆಯನ್ನು ಹಾಳು ಮಾಡಿಕೊಂಡು ಮಾರುಕಟ್ಟೆಗೆ ಹೊರಟಳು. ಹತ್ತಿರದ ದಾರಿಯೆಂದು ಗ್ರಂಥಾಲಯದ ಹಿಂದಿನ ಓಣಿಗೆ ತಿರುಗಿದವಳು ಅಲ್ಲೇ ನಿಂತಳು. ಹಿಂಬಾಗಿಲಿನ ಸಿಮೆಂಟು ಮೆಟ್ಟಿಲ ಮೇಲೆ ಮೇಸ್ತ್ರಿ ಬರೀ ಸಾಕ್ಸಿನಲ್ಲಿ ಕೂತಿದ್ದರು. ಕಾಲ ಕೆಳಗೆ ಹಳೆಯ ಪತ್ರಿಕೆ ಹಾಸಿತ್ತು. ಬೂಟಿನೊಳಗೆ ಎಡಗೈ ತೂರಿಸಿ, ಅದನ್ನು ಮೆಟ್ಟಿಲಿನ ಒರಟು ಅಂಚಿಗೆ ಸ್ವಲ್ಪ ಓರೆಯಾಗಿ ಹಿಡಿದು ಉಜ್ಜುತ್ತಿದ್ದರು. ನಾಲ್ಕು ಸಲ ಉಜ್ಜಿ, ಊದಿ, ಬೆಳಕಿಗೆ ಹಿಡಿದು ನೋಡಿ, ತಲೆಯಾಡಿಸಿ, ಮತ್ತೆ ಇನ್ನೊಂದು ಓರೆಗೆ ತಿರುಗಿಸುತ್ತಿದ್ದರು. ತುಟಿಯ ತುದಿಯಲ್ಲಿ ನಾಲಗೆ ಕಾಣುತ್ತಿತ್ತು. ಒಳ್ಳೆಯ ಕೆಲಸ ಕೈಗೆ ಬಂದಾಗ ಮಾತ್ರ ಅವರ ನಾಲಗೆ ಹಾಗೆ ಹೊರಗೆ ಬರುತ್ತಿತ್ತು.

ಹೋಗಿ ಎರಡು ಮಾತು ಅಂದುಬಿಡಬೇಕೆಂದು ಅವಳ ನಾಲಗೆ ತುರಿಸಿತು. ಮಗನ ಕಣ್ಣಿಗೆ ಹೀಗೆ ಮಣ್ಣೆರಚುತ್ತಿದ್ದೀರಲ್ಲ, ಎಂದು ಕೇಳಬೇಕಿತ್ತು. ಆದರೆ ಕೇಳಿದರೆ ಏನಾಗುತ್ತದೆಂದು ಅವಳಿಗೆ ಗೊತ್ತಿತ್ತು. ಗುಟ್ಟು ರಟ್ಟಾದ ಮೇಲೆ ಮೇಸ್ತ್ರಿ ಸುತರಾಂ ಮನೆ ಬಿಟ್ಟು ಹೊರಡುವುದಿಲ್ಲ. ನಾಳೆಯಿಂದ ಆ ಗಂಟೆಯೂ ‘ಇವಳೇ’ ಆಗುತ್ತದೆ. ನೆಲ ತಣ್ಣಗಿರುತ್ತದೆ, ಮಲಗುವವರು ಇರುವುದಿಲ್ಲ. ಅವಳು ಬಂದ ದಾರಿಯಲ್ಲೇ ಹಿಂದಿರುಗಿ, ಸುತ್ತುದಾರಿ ಹಿಡಿದು ಮಾರುಕಟ್ಟೆಗೆ ಹೋದಳು. ಹೇಗೂ ಮನೆಯಿಂದ ಆಚೆ ಬಂದು ಗಾಳಿ ಕುಡಿಯುತ್ತಿದ್ದಾರಲ್ಲ, ಅಷ್ಟಾದರೂ ಆಯಿತು ಎಂದು ಸಮಾಧಾನ ಹೇಳಿಕೊಂಡಳು. ಸಮಾಧಾನವೇನೂ ಆಗಲಿಲ್ಲ.

ಪರೀಕ್ಷೆಯ ದಿನ ಮಗ ಅಂಗಡಿಗೆ ರಜೆ ಹಾಕಿದ. ಆಸ್ಪತ್ರೆಯ ಕೋಣೆಯಲ್ಲಿ ಮೇಸ್ತ್ರಿಯ ಎದೆಗೆ ತಂತಿಗಳನ್ನು ಅಂಟಿಸಿ ಓಡುವ ಪಟ್ಟಿಯ ಮೇಲೆ ನಿಲ್ಲಿಸಿದರು. ಗಾಜಿನ ಈಚೆಯಿಂದ ಅಜ್ಜಿ ನೋಡುತ್ತಿದ್ದಳು. ಪಟ್ಟಿ ಮೆಲ್ಲಗೆ ಹೊರಟಿತು, ಸ್ವಲ್ಪ ಏರಿತು. ಏರು ಶುರುವಾಗಿದ್ದೇ ತಡ ಮೇಸ್ತ್ರಿಯ ಮುಖ ಬೂದಿಬಣ್ಣಕ್ಕೆ ತಿರುಗಿತು. ಎರಡೂ ಕೈಯಲ್ಲಿ ಕಂಬಿಯನ್ನು ಜೀವ ಹೋಗುವ ಹಾಗೆ ಹಿಡಿದುಕೊಂಡು, “ಸಾಕು, ನಿಲ್ಲಿಸಿ, ನಿಲ್ಲಿಸಿ,” ಎಂದರು. ಪಟ್ಟಿ ಓಡಿಸುತ್ತಿದ್ದವರು ಗಾಬರಿಯಾಗಿ ನಿಲ್ಲಿಸಿದರು.

ಡಾಕ್ಟರು ಅಜ್ಜಿಗೆ ಮಗಳಾಗುವ ವಯಸ್ಸಿನ ಹೆಂಗಸು. ಕಾಗದದ ಮೇಲಿನ ಗೀಟುಗಳನ್ನು ಎರಡೆರಡು ಸಲ ನೋಡಿದಳು.

“ಇಷ್ಟು ಬೇಗ ಏದುಸಿರು ಹತ್ತಬಾರದಿತ್ತು. ದಿನಾ ನಡೀತಿದ್ದೀರಾ?”

ಮೇಸ್ತ್ರಿ ಅಂಗಿಯ ಗುಂಡಿ ಹಾಕಿಕೊಳ್ಳುತ್ತಿದ್ದರು. “ಹ್ಞೂಂ.”

“ಅರ್ಧ ಗಂಟೆ?”

“ಒಂದು ಗಂಟೆ ಡಾಕ್ಟ್ರೆ,” ಎಂದ ಮಗ. “ಬಾಯಿ ಮಾತಲ್ಲ. ನಾನು ಬೂಟು ರಿಪೇರಿಯವನು. ವಾರ ವಾರ ಅಟ್ಟೆ ನೋಡಿದೀನಿ. ನಡೆದೇ ಸವೆದಿರೋದು, ಅದರಲ್ಲಿ ಎರಡು ಮಾತಿಲ್ಲ.”

ಡಾಕ್ಟರು ಪೆನ್ನು ಕೆಳಗಿಟ್ಟಳು. “ಇಷ್ಟು ದಿನ ತಪ್ಪದೆ ನಡೆದೂ ಇಷ್ಟೇ ತಾಕತ್ತು ಅಂದ್ರೆ ನನಗೆ ಅನುಮಾನ ಬರುತ್ತೆ. ಸ್ಟೆಂಟ್ ಹಾಕಿದ ಕಡೆ ಮತ್ತೆ ಕಟ್ಟಿಕೊಂಡಿರಬಹುದು. ಅಡ್ಮಿಟ್ ಆಗಿ. ಕೈಯ ರಕ್ತನಾಳದಲ್ಲಿ ಟ್ಯೂಬು ಬಿಟ್ಟು ಒಳಗೆ ನೋಡ್ತೀವಿ. ಕಟ್ಟಿಕೊಂಡಿದ್ರೆ ಈ ಸಲ ಆಪರೇಷನ್ನೇ ಬೇಕಾಗಬಹುದು.”

ಮಗನ ಮುಖ ಇಳಿದುಹೋಯಿತು. ಅಜ್ಜಿ ಗಂಡನನ್ನು ನೋಡಿದಳು. ಈಗ ಹೇಳುತ್ತಾರೆ, ಈ ಕ್ಷಣ ಹೇಳುತ್ತಾರೆ ಎಂದು ಕಾದಳು. ಮೇಸ್ತ್ರಿ ಕೊನೆಯ ಗುಂಡಿಯನ್ನು ಹಾಕಿ, ತಪ್ಪು ತೂತಿಗೆ ಹಾಕಿದ್ದು ನೋಡಿ ಬಿಚ್ಚಿ, ಮತ್ತೆ ಹಾಕಿದರು. ಈ ಮನುಷ್ಯ ಮಗನ ಮುಂದೆ ಸುಳ್ಳುಗಾರ ಅನ್ನಿಸಿಕೊಳ್ಳುವುದಕ್ಕಿಂತ ಎದೆ ಸೀಳಿಸಿಕೊಳ್ಳಲು ತಯಾರಾಗಿದ್ದಾರೆ! ಇಷ್ಟು ದಿನ ತನ್ನ ಒಂದು ಗಂಟೆಗಾಗಿ ಅವರ ಸುಳ್ಳಿಗೆ ತಾನೂ ನೀರೆರೆದೆನಲ್ಲ ಎಂದು ಅವಳಿಗೆ ತನ್ನ ಮೇಲೇ ಅಸಹ್ಯವಾಯಿತು.

“ಡಾಕ್ಟ್ರಮ್ಮ,” ಎಂದಳು. “ಇವರ ಸಾಕ್ಸು ಒಗೆಯೋಳು ನಾನು.”

ಡಾಕ್ಟರಿಗೆ ಅರ್ಥವಾಗಲಿಲ್ಲ. “ಏನಮ್ಮ?”

“ಒಂದು ದಿನಾನೂ ಕೊಳೆಯಾಗಿಲ್ಲ. ಇವರು ನಡೆದಿಲ್ಲ. ಲೈಬ್ರರಿ ಹಿಂದೆ ಮೆಟ್ಟಿಲ ಮೇಲೆ ಕೂತು ಬೂಟಿನ ಅಟ್ಟೆನ ಸಿಮೆಂಟಿಗೆ ಉಜ್ಜುತಾರೆ. ನಾನೇ ಕಣ್ಣಾರೆ ನೋಡಿದೀನಿ.”

ಡಾಕ್ಟರು ಮೇಸ್ತ್ರಿಯನ್ನು ನೋಡಿದಳು. “ನಿಜವಾ?”

ಮೇಸ್ತ್ರಿ ನೆಲ ನೋಡುತ್ತ ಹೌದೆಂದು ತಲೆಯಾಡಿಸಿದರು.

“ಕೂತಲ್ಲೇ ಇರುವಾಗ ಎದೆನೋವು ಬಂದಿದೆಯಾ? ಉಸಿರುಕಟ್ಟುತ್ತಾ?”

“ಇಲ್ಲ.”

ಡಾಕ್ಟರು ಇನ್ನೊಮ್ಮೆ ಎದೆಯ ಬಡಿತ ಕೇಳಿ, ಗೀಟುಗಳನ್ನು ಮತ್ತೆ ನೋಡಿದಳು. ಆಗಲೇ ಬರೆದದ್ದನ್ನು ಹೊಡೆದು ಹಾಕಿದಳು. “ಹಾಗಾದ್ರೆ ಟ್ಯೂಬು ಬಿಡೋದು ಈಗ ಬೇಡ. ಇದು ಕೂತು ಕೂತು ಸೋತ ಮೈ ಇರಬೇಕು. ಒಂದು ತಿಂಗಳು ನಿಜವಾಗಿ ನಡೆದು ಬನ್ನಿ. ಮೊದಲು ಐದು ನಿಮಿಷ ಸಾಕು, ಒಬ್ಬರೇ ಬೇಡ. ನೋವು ಬಂದ್ರೆ ನಿಂತು, ಮಾತ್ರೆ ನಾಲಗೆ ಕೆಳಗಿಟ್ಟುಕೊಂಡು ಸೀದಾ ಇಲ್ಲಿಗೆ ಬರಬೇಕು.” ಬಾಗಿಲವರೆಗೆ ಬಂದ ಮೇಲೆ ಅವಳು ಮೆಲ್ಲಗೆ ಅಜ್ಜಿಗೆ, “ಹೇಳಿದ್ದು ಒಳ್ಳೆಯದಾಯ್ತು,” ಎಂದಳು. ಅಜ್ಜಿಗೆ ಆ ಮಾತು ಬೇಡವಾಗಿತ್ತು.

ಬಸ್ಸು ಹಿಡಿದು ಮೂವರೂ ಹಿಂದಿರುಗಿದರು. ಮನೆಯ ಮೆಟ್ಟಿಲು ಹತ್ತಿದ ಮೇಲೆ ಮಗನ ಬಾಯಿ ಬಿಚ್ಚಿತು.

“ಡಾಕ್ಟ್ರ ಮುಂದೆ ನಾನು ಎದೆ ತಟ್ಟಿ ಹೇಳಿದ್ನಲ್ಲಪ್ಪ! ಅವರು ಆಪರೇಷನ್ ಅಂದ್ರೂ ನೀನು ಬಾಯಿ ಬಿಡಲಿಲ್ಲ! ನೀನು ಕಲಿಸಿದ ವಿದ್ಯೆನ ನನ್ನ ಮೇಲೇ ಆಡಿಸಿದೆಯಲ್ಲ! ಬಲಗಾಲು ಹೊರಗೆ, ಎಡಗಾಲು ಬೆರಳ ಕೆಳಗೆ, ಒಂದು ಕೂದಲು ತಪ್ಪಿಲ್ಲ!”

“ತಪ್ಪೋಕೆ ಹೇಗೆ ಸಾಧ್ಯ?” ಎಂದರು ಮೇಸ್ತ್ರಿ, ಆ ಹೊತ್ತಿನಲ್ಲೂ ಸ್ವಲ್ಪ ಹೆಮ್ಮೆಯಿಂದ.

“ಮಾವ!” ಎಂದು ಸೊಸೆ ಗದರಿದಳು. ಪಾಳಿ ಮುಗಿಸಿ ಆಗಷ್ಟೇ ಬಂದವಳು ಚೀಲವನ್ನೂ ಇಳಿಸಿರಲಿಲ್ಲ. “ಆಪರೇಷನ್ ಮಾಡಿಬಿಡ್ತಿದ್ರಲ್ಲ, ಆಗಲೂ ಸುಮ್ಮನಿರ್ತಿದ್ರಾ?”

ಮೇಸ್ತ್ರಿ ಕುರ್ಚಿಯಲ್ಲಿ ಕುಸಿದರು. “ಅವತ್ತು ನೋವು ಬಂದದ್ದು ಕೂತಿದ್ದಾಗ ಅಲ್ಲ ಕಣಮ್ಮ. ನಡೀತಿದ್ದಾಗ. ಬೆಂಚಿನ ಮುಂದೆ ಇಷ್ಟು ವರ್ಷ ಕೂತೆ, ಒಂದು ದಿನಾನೂ ಏನೂ ಆಗಲಿಲ್ಲ. ನಡೆದೆ, ಬಿದ್ದೆ. ಈಗ ಅದನ್ನೇ ಔಷಧಿ ಅಂತಾರೆ. ಮೊದಲನೇ ದಿನ ಹೊರಟೆ. ಮೂಲೆ ತಿರುಗಿ ಆ ಏರು ಕಂಡಿದ್ದೇ ತಡ ಎದೆ ಡವಡವ ಅನ್ನೋಕೆ ಶುರುವಾಯ್ತು. ಹಿಂದಕ್ಕೆ ಬಂದು ಸಿಕ್ಕಿದ ಮೆಟ್ಟಿಲ ಮೇಲೆ ಕೂತೆ.”

“ನನಗೆ ಹೇಳಬಾರದಿತ್ತಾ?” ಎಂದ ಮಗ.

“ಏನಂತ? ನಿಮ್ಮಪ್ಪ ಬೀದೀಲಿ ನಡೆಯೋಕೆ ಹೆದರ್ತಾನೆ ಅಂತಲಾ?”

ಮಗ ತಾಯಿಯ ಕಡೆ ತಿರುಗಿದ. “ನಿನಗೆ ಯಾವಾಗಿಂದ ಗೊತ್ತಮ್ಮ?”

“ಮೊದಲನೇ ವಾರದಿಂದ.”

“ಮತ್ತೆ ಬಾಯಿ ಬಿಡಲಿಲ್ಲ ಯಾಕೆ?”

ಸುಳ್ಳು ಹೇಳಬಹುದಿತ್ತು. ಆದರೆ ಅವಳಿಗೆ ಸುಳ್ಳು ಹೇಳುವಷ್ಟೂ ತ್ರಾಣವಿರಲಿಲ್ಲ. “ಇವರು ಹೊರಗೆ ಹೋದ್ರೆ ನನಗೆ ಒಂದು ಗಂಟೆ ಸಿಗ್ತಿತ್ತು ಕಣೋ. ಯಾರೂ ಕರೆಯದೆ ಇರೋ ಒಂದು ಗಂಟೆ. ನೆಲದ ಮೇಲೆ ಸುಮ್ಮನೆ ಬಿದ್ಕೊಂಡಿರ್ತಿದ್ದೆ. ಹೇಳಿದ್ರೆ ಅದು ಹೋಗಿಬಿಡುತ್ತೆ ಅಂತ ಹೇಳಲಿಲ್ಲ. ನನಗೂ ಸುಸ್ತಾಗುತ್ತೆ. ಅದು ಈ ಮನೇಲಿ ಯಾರಿಗಾದ್ರೂ ಗೊತ್ತಾ?”

ಮೊಮ್ಮಗಳು ಬಂದು ಅಜ್ಜಿಯ ಕೈ ಹಿಡಿದುಕೊಂಡಳು. ಸೊಸೆ ಚೀಲ ಇಳಿಸಿ, ಒಲೆ ಹಚ್ಚಿ ಟೀಗೆ ಇಟ್ಟಳು. ಮೇಸ್ತ್ರಿ ಹೆಂಡತಿಯನ್ನು ನೋಡಿದ ರೀತಿ, ಯಾರೋ ಹೊಸ ಗಿರಾಕಿಯನ್ನು ನೋಡಿದ ಹಾಗಿತ್ತು.

“ಒಬ್ಬರೇ ಬೇಡ ಅಂದಿದಾರೆ,” ಎಂದ ಮಗ ಕೊನೆಗೆ. “ಬೆಳಿಗ್ಗೆ ಹೊತ್ತು ಗಿರಾಕಿಗಳು ಕೆಲಸಕ್ಕೆ ಹೋಗೋ ಮುಂಚೆ ಬರ್ತಾರೆ, ಅಂಗಡಿ ಬಿಡೋಕಾಗಲ್ಲ...”

“ನನಗೆ ಪಾಳಿ,” ಎಂದಳು ಸೊಸೆ.

ಎಲ್ಲರ ಕಣ್ಣೂ ಕೊನೆಗೆ ಎಲ್ಲಿ ಬಂದು ನಿಲ್ಲುತ್ತವೆಂದು ಅಜ್ಜಿಗೆ ಮೊದಲೇ ಗೊತ್ತಿತ್ತು. ಅವಳು ಟೀ ಕುಡಿದು ಲೋಟ ಕೆಳಗಿಟ್ಟಳು.

“ಹೋಗ್ತೀನಿ. ಆದ್ರೆ ನಾಳೆಯಿಂದ ಒಂದೇ ಪಾತ್ರೆ. ಎಲ್ಲರೂ ಸಪ್ಪೆ ತಿನ್ನಿ, ಬೇಕಾದೋರು ತಟ್ಟೆಗೆ ಹಾಕ್ಕೊಳ್ಳಿ. ಇವರ ಸಾಕ್ಸು ಇನ್ಮೇಲೆ ನಾನು ಮುಟ್ಟಲ್ಲ. ನಡೆದೋರೇ ಒಗೀಲಿ.”

ಮಗ ಬಾಯಿ ತೆರೆದ. ಸೊಸೆ ಅವನ ಕಾಲು ತುಳಿದಳು. ಅವನು ಬಾಯಿ ಮುಚ್ಚಿದ.

ಮರುದಿನ ಅವರು ಮೂಲೆಯವರೆಗೆ ಹೋದರು. ಏರು ಕಾಣುತ್ತಲೇ ಮೇಸ್ತ್ರಿ ಅವಳ ಮಣಿಕಟ್ಟು ಹಿಡಿದರು. ಮೊಳೆ, ಅಂಟು, ಚರ್ಮದಿಂದ ಗಟ್ಟಿಯಾದ ಬೆರಳು, ನೋಯುವ ಹಾಗೆ ಹಿಡಿದಿತ್ತು.

“ನೋವಾ?”

“ಇಲ್ಲ. ಹೆದರಿಕೆ.”

“ಸರಿ, ನಿಲ್ಲೋಣ.”

ಮುಚ್ಚಿದ ಅಂಗಡಿಯೊಂದರ ಕಟ್ಟೆಯ ಮುಂದೆ ನಿಂತರು. ಹಳೆಯ ಗಿರಾಕಿಯೊಬ್ಬ ಸೈಕಲ್ಲಿನಲ್ಲಿ ಹೋಗುತ್ತ, “ಏನ್ ಮೇಸ್ತ್ರಿ, ಜೋಡಿ ಮೆರವಣಿಗೆ!” ಎಂದು ಕೂಗಿದ. ಮೇಸ್ತ್ರಿ ಕೈ ಬಿಟ್ಟರು. ಅವನು ಮರೆಯಾದ ಮೇಲೆ ಮತ್ತೆ ಹಿಡಿದರು. ಅಲ್ಲಿಂದಲೇ ಹಿಂದಿರುಗಿದರು. ಮುಂದಿನ ದಿನಗಳಲ್ಲಿ ಒಂದೊಂದು ದೀಪದ ಕಂಬ ಮುಂದಕ್ಕೆ ಹೋದರು, ಕೆಲವು ದಿನ ಒಂದು ಕಂಬ ಹಿಂದಕ್ಕೂ ಬಂದರು. ಅಜ್ಜಿಯ ಮಂಡಿ ಊದಿತು. ಮನೆಯಲ್ಲಿ ಮಗ ಮೊದಮೊದಲು ಉಪ್ಪಿನ ಡಬ್ಬಿಯನ್ನು ತಟ್ಟೆಯ ಪಕ್ಕದಲ್ಲೇ ಇಟ್ಟುಕೊಂಡು ಕೂರುತ್ತಿದ್ದ, ಆಮೇಲಾಮೇಲೆ ಅದನ್ನು ತರಲು ಎದ್ದು ಹೋಗುವ ಸೋಮಾರಿತನಕ್ಕೇ ಸಪ್ಪೆ ಉಂಡ. ಅವಳ ಒಂದು ಗಂಟೆ ಮಾತ್ರ ಬೀದಿಯ ಪಾಲಾಯಿತು.

ಮತ್ತೆ ಆಸ್ಪತ್ರೆಗೆ ಹೋಗುವ ದಿನ ಹತ್ತಿರ ಬಂದಾಗ ಒಂದು ಬೆಳಿಗ್ಗೆ ಇಬ್ಬರೂ ಏರಿನ ತುದಿ ಮುಟ್ಟಿದರು. ನಡುವೆ ನಾಲ್ಕು ಕಡೆ ನಿಂತಿದ್ದರು. ತುದಿಯಲ್ಲಿ ಮೇಸ್ತ್ರಿ ತಿರುಗಿ, ತಾವು ಬಿದ್ದಿದ್ದ ಜಾಗವನ್ನು ಮೇಲಿನಿಂದ ನೋಡಿದರು. ಬೆವರು ಅವರ ಕುತ್ತಿಗೆಯಲ್ಲಿ ಇಳಿಯುತ್ತಿತ್ತು.

ಮನೆಗೆ ಬಂದವಳೇ ಅಜ್ಜಿ ಮುಂದಿನ ಕೋಣೆಯ ನೆಲದ ಮೇಲೆ ಉರುಳಿಕೊಂಡಳು. ಪಾತ್ರೆ ಬಿದ್ದಿದ್ದವು. ಕಾಲನ್ನು ಗೋಡೆಗೆ ಎತ್ತಿಟ್ಟು ಕಣ್ಣು ಮುಚ್ಚಿದಳು. ಹಿಂದೆ ನಲ್ಲಿ ಬಿಟ್ಟ ಸದ್ದು, ಬಕೀಟು ಎಳೆದ ಸದ್ದು, ಸೋಪು ಜಾರಿ ಬಿದ್ದದ್ದಕ್ಕೆ ಬೈಗುಳ, ಎಲ್ಲ ಕೇಳಿಸಿತು. ಸಾಕ್ಸು ಒಗೆಯುವುದು ಮೇಸ್ತ್ರಿಗೆ ಇನ್ನೂ ದೊಡ್ಡ ಯುದ್ಧ. ಆ ಯುದ್ಧ ಮುಗಿಯುವವರೆಗೆ ಯಾರೂ ಅವಳನ್ನು ಕರೆಯುವುದಿಲ್ಲ.

ಸ್ವಲ್ಪ ಹೊತ್ತಿಗೆ ಬಾಗಿಲ ಹತ್ತಿರ ಒದ್ದೆ ಕಾಲಿನ ಸಪ್ಪಳವಾಯಿತು. ಮೇಸ್ತ್ರಿ ಬಕೀಟನ್ನೇ ಎತ್ತಿಕೊಂಡು ಬಂದು ನಿಂತಿದ್ದರು.

“ಇವಳೇ, ನೋಡಿಲ್ಲಿ. ನೀರು ಹೇಗೆ ಕರ್ರಗಾಗಿದೆ.”

ಅಜ್ಜಿ ಕಣ್ಣು ತೆರೆಯಲಿಲ್ಲ.

“ಆ ನೀರು ಚೆಲ್ಲಿ, ಇನ್ನೊಂದು ಸಲ ಜಾಲಿಸಿ,” ಎಂದಳು. “ನಿಧಾನಕ್ಕೆ.”